ಸಿಂಹ ಸಾಕಿದಾಕೆಯೇ ಸಾಕಬೇಡಿ ಎಂದಾಗ

ಹಿಚ್‌ಕಾಕ್‌ರ ‘ದಿ ಬರ್ಡ್ಸ್’ (1963) ಚಿತ್ರದ ನಾಯಕಿ ಟಿಪ್ಪಿ ಹೆಡ್ರನ್ ಕ್ಯಾಲಿಫೋರ್ನಿಯಾದ ಆ್ಯಕ್ಟನ್‌ನಲ್ಲಿ ಹುಲಿ-ಸಿಂಹಗಳಿಗಾಗಿ ಶಾಂಬಾಲಾ ಎಂಬ ಆಶ್ರಯಧಾಮ ಕಟ್ಟಿದರು. ಅದರ ಬಗ್ಗೆ ಬರೆಯುವವರೆಲ್ಲ ಅವರ ಪ್ರಾಣಿಪ್ರೀತಿಯನ್ನು ಹೊಗಳುವುದುಂಟು. ಆದರೆ ಈ ಕಥೆಯಲ್ಲಿ ಪ್ರೀತಿ ತಂದದ್ದು ಅನಾಹುತವನ್ನು. ಪ್ರಾಣಿಗಳಿಗೆ ನಿಜವಾಗಿ ಒದಗಿಬಂದದ್ದು ಕಾನೂನು. ಆಫ್ರಿಕಾದಲ್ಲಿ ಚಿತ್ರೀಕರಣಕ್ಕೆ ಹೋಗಿದ್ದಾಗ, ಮನುಷ್ಯರು ಬಿಟ್ಟುಹೋದ ಮನೆಯೊಂದರಲ್ಲಿ ಸಿಂಹಗಳ ಹಿಂಡು ಠಿಕಾಣಿ ಹೂಡಿದ್ದನ್ನು ಕಂಡ ಹೆಡ್ರನ್ ಮತ್ತು ಪತಿ ನೋಯೆಲ್ ಮಾರ್ಷಲ್‌ಗೆ ಒಂದು ಸಿನಿಮಾ ಹೊಳೆಯಿತು. ಅದರ ತಯಾರಿಗೆಂದು ನೀಲ್ ಎಂಬ ಬೆಳೆದ ಸಿಂಹ ಅವರ ಮನೆಯೊಳಗೇ ಓಡಾಡತೊಡಗಿತು. 1971ರಲ್ಲಿ ‘ಲೈಫ್’ ಪತ್ರಿಕೆಗೆ ತೆಗೆದ ಒಂದು ಫೋಟೊದಲ್ಲಿ ಮಗಳು ಮೆಲನಿ ಗ್ರಿಫಿತ್ ಈಜುಕೊಳಕ್ಕೆ ಜಿಗಿಯುತ್ತಿದ್ದಾಳೆ, ನೀಲ್ ಅವಳ ಕಾಲಿಗೆ ಪಂಜ ಹಾಕಿದೆ. ಆಗ ಅದು ಮುದ್ದಾಗಿ ಕಂಡಿತ್ತು. ಆ ಸಿನಿಮಾ ‘ರೋರ್’ 1981ರಲ್ಲಿ ತೆರೆಗೆ ಬರುವಷ್ಟರಲ್ಲಿ 70ರಷ್ಟು ಮಂದಿ ಗಾಯಗೊಂಡಿದ್ದರು: ಛಾಯಾಗ್ರಾಹಕ ಯಾನ್ ಡಿ ಬಾಂಟ್‌ರ ನೆತ್ತಿಯ ಚರ್ಮವನ್ನೇ ಸಿಂಹವೊಂದು ಕಿತ್ತಿತ್ತು, ಅದೇ ಮೆಲನಿಯ ಮುಖಕ್ಕೆ ಶಸ್ತ್ರಚಿಕಿತ್ಸೆ ಬೇಕಾಯಿತು. 1978ರ ಪ್ರವಾಹದಲ್ಲಿ ತಪ್ಪಿಸಿಕೊಂಡ ಸಿಂಹಗಳಲ್ಲಿ ಕೆಲವು ಗುಂಡಿಗೆ ಬಲಿಯಾದವು. ಇಷ್ಟಾಗಿಯೂ ಚಿತ್ರ ನೆಲಕಚ್ಚಿತು. ಉಳಿದ ಪ್ರಾಣಿಗಳನ್ನು ಎಲ್ಲಿಗೂ ಕಳಿಸುವಂತಿರಲಿಲ್ಲ. 1983ರಲ್ಲಿ ಅವುಗಳ ಹೊಣೆ ಹೊರಲು ರೋರ್ ಫೌಂಡೇಶನ್ ಹುಟ್ಟಿತು.

ಹೀಗಿದ್ದಮೇಲೆ ಊರಿಗೆ ಬುದ್ಧಿ ಹೇಳುವ ಅಧಿಕಾರ ಹೆಡ್ರನ್‌ಗೆಲ್ಲಿಯದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಸಿಂಹವನ್ನು ಮನೆಯೊಳಗೆ ಬಿಟ್ಟುಕೊಂಡದ್ದು ಶುದ್ಧ ಮೂರ್ಖತನವೆಂದು ಸ್ವತಃ ಹೆಡ್ರನ್ ಒಪ್ಪಿಕೊಂಡಿದ್ದಾರೆ. ಆದರೆ ಅವರು ಪಶ್ಚಾತ್ತಾಪಕ್ಕೆ ನಿಲ್ಲದೆ ವಾಷಿಂಗ್ಟನ್ನಿನವರೆಗೆ ಹೋದರು. ಹುಲಿ-ಸಿಂಹಗಳನ್ನು ಸಾಕುಪ್ರಾಣಿಗಳಾಗಿ ರಾಜ್ಯದಿಂದ ರಾಜ್ಯಕ್ಕೆ ಮಾರುವುದನ್ನು ತಡೆಯುವ 2003ರ ಕಾಯಿದೆಯ ಹಿಂದೆ ಅವರ ಒತ್ತಾಯವಿತ್ತು. ಆಶ್ರಯಧಾಮ ಎಷ್ಟೇ ದೊಡ್ಡದಿರಲಿ, ಮಾರಾಟ ನಿಲ್ಲದಿದ್ದರೆ ಅದು ತೂತು ಮುಚ್ಚದೆ ದೋಣಿಯ ನೀರು ಮೊಗೆದಂತೆ.

ಆಶ್ರಯಧಾಮದ ಪ್ರಾಣಿಗಳನ್ನು ಕಾಡಿಗೆ ಬಿಡಬಾರದೇ, ಕನಿಷ್ಠ ಸಂತತಿಯನ್ನಾದರೂ ಬೆಳೆಸಬಾರದೇ ಎಂಬುದು ಇನ್ನೊಂದು ಆಕ್ಷೇಪ. ಮನುಷ್ಯರ ಕೈಯಿಂದ ಉಂಡು ಬೆಳೆದ ಹುಲಿಗೆ ಬೇಟೆ ಬಾರದು, ಮನುಷ್ಯನ ಭಯವೂ ಇರದು. ಕಾಡಿಗೆ ಬಿಟ್ಟರೆ ಅದಕ್ಕೂ ಕಷ್ಟ, ಕಾಡಂಚಿನ ಊರಿಗೂ ಕಷ್ಟ. ಅಮೆರಿಕದ ಖಾಸಗಿ ಹುಲಿಗಳಲ್ಲಿ ಬಹುಪಾಲು ಬಂಗಾಳ, ಸೈಬೀರಿಯಾ ತಳಿಗಳ ಬೆರಕೆ, ವಂಶದ ದಾಖಲೆಯೇ ಇಲ್ಲ. ಅವುಗಳ ಮರಿಗಳಿಂದ ಕಾಡಿನ ಹುಲಿಸಂತತಿಗೆ ಯಾವ ಲಾಭವೂ ಇಲ್ಲ. ಹಾಗಾಗಿ ಶಾಂಬಾಲಾ ಮರಿ ಮಾಡಿಸಲಿಲ್ಲ, ಮಾರಲಿಲ್ಲ. ಆಶ್ರಯಧಾಮವನ್ನು ಅಳೆಯಬೇಕಾದದ್ದು ಅದು ಏನು ಮಾಡುವುದಿಲ್ಲ ಎಂಬುದರಿಂದ. ಎಳೆ ಮರಿಗಳನ್ನು ತಾಯಿಯಿಂದ ಕಿತ್ತು, ದುಡ್ಡು ಪಡೆದು ಜನರ ಮಡಿಲಿಗಿಟ್ಟು ಫೋಟೊ ತೆಗೆಸುವ ದಂಧೆಗಳೂ ತಮ್ಮನ್ನು ಆಶ್ರಯಧಾಮವೆಂದೇ ಕರೆದುಕೊಂಡಿದ್ದವು. ಕೆಲವೇ ತಿಂಗಳಲ್ಲಿ ಮರಿಗೆ ಹಲ್ಲು, ಉಗುರು ಬಲಿಯುತ್ತವೆ; ಆಮೇಲೆ ಅದು ಯಾರಿಗೂ ಬೇಡ.

ಭಾರತ 1998ರಲ್ಲಿ ಸರ್ಕಸ್‌ಗಳಲ್ಲಿ ಹುಲಿ-ಸಿಂಹಗಳ ಪ್ರದರ್ಶನ ನಿಷೇಧಿಸಿತು. ಹಾಗೆ ಹೊರಬಿದ್ದ ಪ್ರಾಣಿಗಳಿಗೆ ನಮ್ಮ ಬನ್ನೇರುಘಟ್ಟದಲ್ಲೂ ನೆಲೆ ಸಿಕ್ಕಿತು: ನಿಷೇಧ ಮೊದಲು, ಆಸರೆ ಆಮೇಲೆ. ಅಮೆರಿಕದಲ್ಲಿ ಆಸರೆ ಮೊದಲು ಬಂತು, ನಿಷೇಧಕ್ಕೆ ದಶಕಗಳು ಬೇಕಾದವು. ಪರವಾನಗಿ ಪಡೆದ ಪ್ರದರ್ಶಕರಿಗೆ 2003ರ ಕಾಯಿದೆ ವಿನಾಯಿತಿ ಕೊಟ್ಟಿದ್ದರಿಂದ ಮರಿ ಮುದ್ದಿಸುವ ದಂಧೆ ನಡೆಯುತ್ತಲೇ ಇತ್ತು. ಹೊಸ ಕಾಯಿದೆಯಿಂದ ಅದಕ್ಕೆ ತಡೆ ಬಿದ್ದದ್ದು 2022ರ ಡಿಸೆಂಬರಿನಲ್ಲಿ. ಆಗಲೇ ಸಾಕಿಕೊಂಡಿದ್ದವರು 2023ರ ಜೂನ್ 18ರೊಳಗೆ ನೋಂದಾಯಿಸಿ ತಮ್ಮ ಪ್ರಾಣಿಯನ್ನು ಉಳಿಸಿಕೊಳ್ಳಬಹುದಿತ್ತು. ಹೊಸದನ್ನು ತರುವಂತಿಲ್ಲ, ಮರಿ ಮಾಡಿಸುವಂತಿಲ್ಲ.