ಕಾಶಿಕಣಗಿಲೆಯ ಕಷಾಯ

ದೇವದುರ್ಗದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ತಮ್ಮ ದೊಡ್ಡಪ್ಪನವರಿಗೆ ಬಾಯಲ್ಲಿ ಹುಟ್ಟಿದ ಅರ್ಬುದವು ಶ್ವಾಸಕೋಶಕ್ಕೂ ಹಬ್ಬಿತೆಂದೂ, ಬೆಂಗಳೂರಿನ ವೈದ್ಯರು ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದ ಮೇಲೆ ಮಾನ್ವಿಯ ಬೀಗರು ನಾಟಿ ಔಷಧದ ಕಡೆಗೂ ರಾಯಚೂರಿನಲ್ಲಿರುವ ಮಗಳು ಮತ್ತೊಂದು ಆಸ್ಪತ್ರೆಯ ಕಡೆಗೂ ಎಳೆಯುತ್ತಿರುವರೆಂದೂ ತಿಳಿಸಿ, ಅಂಗಳದಲ್ಲಿ ತಾನಾಗಿ ಬೆಳೆದ ಕಾಶಿಕಣಗಿಲೆಯಿಂದ ಈ ರೋಗಕ್ಕೆ ಮದ್ದು ಮಾಡುವರೆಂಬುದು ನಿಜವಾದರೆ ಅದರ ಕಷಾಯವನ್ನೇ ಕೊಡಬಾರದೇಕೆಂದು ಕೇಳಿದ್ದಾರೆ.

ಈ ಪ್ರಶ್ನೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಅನ್ಯಾಯ. ಉದರವ್ಯಾಧಿಯಿಂದ ಬಳಲುತ್ತಿದ್ದ ಮಾನ್ವಿಯ ಹರಿದಾಸರಾದ ಜಗನ್ನಾಥದಾಸರಿಗೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲೇ 40 ವರ್ಷಗಳನ್ನು ಧಾರೆಯೆರೆದು ಬದುಕಿಸಿದರೆಂಬ ಐತಿಹ್ಯವನ್ನು ಕೇಳುತ್ತ ಬೆಳೆದ ಸೀಮೆ ಇದು. ಆಯುಸ್ಸನ್ನು ಎಲ್ಲಿಂದಲಾದರೂ ತಂದುಕೊಡಬೇಕೆಂಬ ಹಂಬಲ ಇಲ್ಲಿನ ಮನೆಮನೆಗೂ ಸಹಜವಾದುದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ನರಸೀಪುರದಲ್ಲಿ, 2020ರಲ್ಲಿ ಕಾಲವಾದ ವೈದ್ಯ ನಾರಾಯಣಮೂರ್ತಿಯವರು ಅರ್ಬುದಕ್ಕೆಂದು ಕೊಡುತ್ತಿದ್ದ ಮರದ ತೊಗಟೆಗಾಗಿ ಗುರುವಾರ ಭಾನುವಾರಗಳಂದು ಸಾಲುಗಟ್ಟುತ್ತಿದ್ದ ದೂರದೂರಿನ ಜನರನ್ನು ಅಲ್ಲಿಗೆ ನಡೆಸಿದ್ದೂ ಇದೇ ಹಂಬಲವೇ.

ತೊಗಟೆಯಲ್ಲಿ ಮದ್ದಿರಲಾರದೆಂದು ವಿಜ್ಞಾನವು ಎಂದೂ ಹೇಳಿಲ್ಲ. ಅಮೆರಿಕದ ಯೂ ಎಂಬ ಮರದ ತೊಗಟೆಯಿಂದ ಟ್ಯಾಕ್ಸಾಲ್ ಎಂಬ ದ್ರವ್ಯವನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆಯನ್ನು ಲೋಕಕ್ಕೆ ತಿಳಿಸಿದವರು ಮನ್ರೋ ವಾಲ್ ಮತ್ತು ನಮ್ಮ ಮಹಾರಾಷ್ಟ್ರದಲ್ಲಿ ಹುಟ್ಟಿದ ಮನ್ಸುಖ್ ವಾಣಿ. ಕಾಶಿಕಣಗಿಲೆಯ ಕಥೆಯಂತೂ ಇನ್ನೂ ಸ್ವಾರಸ್ಯಕರವಾದುದು. 1952ರಲ್ಲಿ ಜಮೈಕಾ ದ್ವೀಪದಿಂದ ಕೆನಡಾಕ್ಕೆ ಈ ಗಿಡದ ಎಲೆಗಳ ಒಂದು ಪೊಟ್ಟಣ ಬಂದಿತು. ಜಮೈಕಾದ ಜನರು ಅದರ ಕಷಾಯವನ್ನು ಮಧುಮೇಹಕ್ಕೆ ಕುಡಿಯುತ್ತಿದ್ದರು. ರಾಬರ್ಟ್ ನೋಬಲ್ ಎಂಬ ಸಂಶೋಧಕರು ಅದರ ಸಾರವನ್ನು ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ರಕ್ತದ ಸಕ್ಕರೆ ಕದಲಲಿಲ್ಲ. ರಕ್ತನಾಳಕ್ಕೆ ಚುಚ್ಚಿದಾಗಲಾದರೋ ಇಲಿಗಳು ಸೋಂಕು ತಗುಲಿ ಸತ್ತವು. ಪರೀಕ್ಷಿಸಿದರೆ ಅವುಗಳ ಬಿಳಿಯ ರಕ್ತಕಣಗಳೇ ಕ್ಷೀಣಿಸಿದ್ದವು. ಬಿಳಿಯ ಕಣಗಳನ್ನು ಅಡಗಿಸುವ ವಸ್ತುವು, ಬಿಳಿಯ ಕಣಗಳೇ ಮಿತಿಮೀರಿ ಬೆಳೆಯುವ ರಕ್ತಾರ್ಬುದಕ್ಕೆ ಮದ್ದಾಗಬಾರದೇಕೆಂಬ ಯೋಚನೆ ಹೊಳೆದುದು ಆಗ. ನೋಬಲ್ ಅವರು ಸಹಸಂಶೋಧಕ ಚಾರ್ಲ್ಸ್ ಬೀರ್ ಅವರೊಡಗೂಡಿ 1958ರ ಹೊತ್ತಿಗೆ ಬೇರ್ಪಡಿಸಿದ ಆ ದ್ರವ್ಯವೇ ವಿನ್‌ಬ್ಲಾಸ್ಟೀನ್. ಅದೇ ಗಿಡದಲ್ಲಿ ದೊರೆತ ಅದರ ತಂಗಿ ವಿನ್‌ಕ್ರಿಸ್ಟೀನ್ ಇಂದಿಗೂ ಇತರ ಔಷಧಗಳ ಜೊತೆಗೂಡಿ ಎಳೆಯ ಮಕ್ಕಳ ರಕ್ತಾರ್ಬುದವನ್ನು ಗುಣಪಡಿಸುತ್ತಿದೆ.

ಹತ್ತಿಯ ಸೀಮೆಯವರಿಗೆ ಈ ಮದ್ದುಗಳ ಕಾರ್ಯವನ್ನು ರಾಟೆಯ ಮುಂದೆ ಕೂರಿಸಿ ವಿವರಿಸಬಹುದು. ಜೀವಕೋಶವೊಂದು ಎರಡಾಗುವ ಮುನ್ನ ತನ್ನೊಳಗೆ ಕದಿರಿನ ಆಕಾರದಲ್ಲಿ ಸೂಕ್ಷ್ಮವಾದ ಎಳೆಗಳನ್ನು ನೂತು, ವಂಶತಂತುಗಳನ್ನು ಎರಡು ಕಡೆಗೂ ಸಮನಾಗಿ ಎಳೆದುಕೊಳ್ಳುತ್ತದೆ. ಕೆಲಸ ಮುಗಿದೊಡನೆ ಆ ಎಳೆಗಳನ್ನು ಬಿಚ್ಚಿಹಾಕುತ್ತದೆ. ಕಾಶಿಕಣಗಿಲೆಯ ಮದ್ದು ಎಳೆಯನ್ನು ನೂಲಗೊಡುವುದಿಲ್ಲ. ಯೂ ಮರದ ಮದ್ದು ನೂತದ್ದನ್ನು ಬಿಚ್ಚಗೊಡುವುದಿಲ್ಲ. ಎರಡರಿಂದಲೂ ಕೋಶದ ವಿಭಜನೆ ನಿಂತುಹೋಗುತ್ತದೆ. ಆದರೆ ಕದಿರು ತಿರುಗುವುದು ಅರ್ಬುದದ ಕೋಶದಲ್ಲಷ್ಟೇ ಅಲ್ಲ, ಕೂದಲಿನ ಬೇರಿನಲ್ಲೂ ಮಜ್ಜೆಯಲ್ಲೂ ಅದು ತಿರುಗುತ್ತಲೇ ಇರುತ್ತದೆ. ನರಗಳಿಗೂ ಹಾನಿ ಮಾಡುವ ವಿನ್‌ಕ್ರಿಸ್ಟೀನನ್ನಂತೂ ವಯಸ್ಕರಿಗೆ ಒಂದು ಸಲಕ್ಕೆ 2 ಮಿಲಿಗ್ರಾಮಿಗೆ ಮೀರದಂತೆ, ರಕ್ತನಾಳಕ್ಕೆ ಮಾತ್ರವೇ ಕೊಡುವ ವಾಡಿಕೆ. ಹಿಡಿ ಎಲೆಯ ಕಷಾಯದಲ್ಲಿ ಅದೆಷ್ಟಿದೆಯೋ ಹೇಳುವವರಿಲ್ಲ. ಸಾಲದಿದ್ದರೆ ವ್ಯರ್ಥ, ಹೆಚ್ಚಾದರೆ ವಿಷ. ಎಲೆಗೂ ಮದ್ದಿಗೂ ನಡುವಿನ ಅಂತರವೆಲ್ಲ ಈ ಅಳತೆಯಲ್ಲಿದೆ. ಆದ್ದರಿಂದ ಕಷಾಯ ಬೇಡ.

ಗುಣವಾಗಬಲ್ಲ ಅವಸ್ಥೆಯಲ್ಲಿಯೇ ಚಿಕಿತ್ಸೆಯನ್ನು ತೊರೆಯುವುದು ಇದಕ್ಕಿಂತಲೂ ದೊಡ್ಡ ಅನಾಹುತ. ಯೇಲ್ ವಿಶ್ವವಿದ್ಯಾನಿಲಯದ ಸ್ಕೈಲರ್ ಜಾನ್ಸನ್ ಮತ್ತವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗವು ಇನ್ನೂ ದೂರದ ಅಂಗಗಳಿಗೆ ಹಬ್ಬದಿದ್ದಾಗ ಬದಲಿ ವೈದ್ಯವನ್ನಷ್ಟೇ ನೆಚ್ಚಿದ 281 ಜನರಲ್ಲಿ ಸಾವಿನ ಸಂಭವವು, ರೂಢಿಯ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು ಹೆಚ್ಚಾಗಿತ್ತು. ಗುಣವಾದವನು ಊರಿಗೆಲ್ಲ ಸಾರುತ್ತಾನೆ. ಸತ್ತವನ ಮನೆಯವರು ಮೌನವಾಗಿರುತ್ತಾರೆ. ಹೀಗಾಗಿ ನಾಟಿ ಮದ್ದಿನ ಕೀರ್ತಿ ಬೆಳೆಯುವಷ್ಟು ಅದರ ಲೆಕ್ಕ ಬೆಳೆಯುವುದಿಲ್ಲ.

ಆದರೆ ದೊಡ್ಡಪ್ಪನವರು ಆ ಅವಸ್ಥೆಯನ್ನು ದಾಟಿದ್ದಾರೆ. ಹಾಗೆಂದ ಮಾತ್ರಕ್ಕೆ ಇನ್ನು ಮಾಡತಕ್ಕದ್ದೇನೂ ಇಲ್ಲವೆಂದು ತಿಳಿಯುವುದೇ ನಮ್ಮಲ್ಲಿ ಬೇರೂರಿದ ಮಹಾ ತಪ್ಪು. ಅಫೀಮಿನ ಗಿಡದಿಂದಲೇ ದೊರೆಯುವ ಮಾರ್ಫೀನನ್ನು ನಾಲ್ಕು ಗಂಟೆಗೊಮ್ಮೆ ತಕ್ಕ ಪ್ರಮಾಣದಲ್ಲಿ ಬಾಯಿಗೇ ಕೊಟ್ಟು ಅರ್ಬುದದ ನೋವನ್ನು ಬಹುಮಟ್ಟಿಗೆ ಶಮನಗೊಳಿಸಬಹುದು. 1985ರ ಮಾದಕವಸ್ತು ಕಾಯಿದೆಯು ಅದಕ್ಕೊಡ್ಡಿದ್ದ ಅಡ್ಡಿಗಳು 2014ರ ತಿದ್ದುಪಡಿಯಿಂದ ಸಡಿಲಗೊಂಡಿವೆ. ಬೆಂಗಳೂರಿನ ಕರುಣಾಶ್ರಯವು 1994ರಿಂದ ಇಂಥ ಉಪಶಮನ ಸೇವೆಯನ್ನು ವ್ರತದಂತೆ ನಡೆಸಿಕೊಂಡು ಬಂದಿದೆ. 2010ರಲ್ಲಿ ಬಾಸ್ಟನ್ನಿನ ಜೆನಿಫರ್ ಟೆಮೆಲ್ ಅವರು ಹಬ್ಬಿದ ಶ್ವಾಸಕೋಶಾರ್ಬುದದ 151 ರೋಗಿಗಳನ್ನು ಪರೀಕ್ಷಿಸಿದಾಗ, ರೂಢಿಯ ಚಿಕಿತ್ಸೆಯೊಡನೆ ಮೊದಲಿನಿಂದಲೂ ಉಪಶಮನದ ಆರೈಕೆ ಪಡೆದವರು ಸುಮಾರು 11.6 ತಿಂಗಳೂ, ಉಳಿದವರು 8.9 ತಿಂಗಳೂ ಬದುಕಿದರು. ನೋವನ್ನು ಇಳಿಸಹೊರಟ ಆರೈಕೆಯು ಆಯುಸ್ಸನ್ನೂ ತಂದಿತು.

ನಲವತ್ತು ವರ್ಷಗಳನ್ನು ಧಾರೆಯೆರೆಯುವ ಶಕ್ತಿ ನಮಗಿಲ್ಲ. ಮಾನ್ವಿಯ ಬೀಗರೂ ರಾಯಚೂರಿನ ಮಗಳೂ ತಮ್ಮ ವಾದವನ್ನು ಒಂದು ದಿನ ಬದಿಗಿಟ್ಟು, ನಿನ್ನೆಯ ರಾತ್ರಿ ನಿದ್ರೆ ಬಂದಿತೇ, ನೋವು ಎಲ್ಲಿದೆ, ಏನು ಉಣ್ಣಬೇಕೆನಿಸುತ್ತಿದೆ ಎಂದು ದೊಡ್ಡಪ್ಪನವರನ್ನೇ ಕೇಳಿ, ಆ ಉತ್ತರವನ್ನು ಹೊತ್ತು ನೋವಿನ ಮದ್ದು ಬಲ್ಲ ವೈದ್ಯರ ಬಳಿಗೆ ಹೋಗಲಿ.