ಸೆಕೆಗೊಂದು ಯಂತ್ರ, ಬಿಸಿಲಿಗೊಂದು ಯಂತ್ರ

ಮನುಷ್ಯನ ದೇಹ ಸುಮ್ಮನೆ ಕುಳಿತಾಗಲೂ ಸುಮಾರು 100 ವ್ಯಾಟ್‌ನಷ್ಟು ಶಾಖವನ್ನು ಹೊರಹಾಕುತ್ತಿರುತ್ತದೆ. ಆ ಶಾಖಕ್ಕೆ ಹೊರಹೋಗುವ ದಾರಿಗಳು ಕೆಲವೇ. ಸುತ್ತಲಿನ ಗಾಳಿ ಚರ್ಮಕ್ಕಿಂತ ತಣ್ಣಗಿದ್ದರೆ ಶಾಖ ಗಾಳಿಗೆ ದಾಟುತ್ತದೆ. ಗೋಡೆ, ನೆಲ, ತಾರಸಿ ತಣ್ಣಗಿದ್ದರೆ ಅವುಗಳತ್ತ ಹರಿಯುತ್ತದೆ. ಇವೆರಡೂ ಸಾಲದಾದಾಗ ಬೆವರು ಆರಿ ಮೈಯನ್ನು ತಣಿಸುತ್ತದೆ. ಚರ್ಮದ ಉಷ್ಣತೆ ಸುಮಾರು 34–35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ ಬೆವರೊಂದೇ ಆಸರೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರೂ ಆರುವುದಿಲ್ಲ, ಮೈಮೇಲೆ ಹಾಗೇ ನಿಲ್ಲುತ್ತದೆ. ಮಂಗಳೂರಿನ 33 ಡಿಗ್ರಿ ಎಷ್ಟೋ ಸಲ ರಾಯಚೂರಿನ 38 ಡಿಗ್ರಿಗಿಂತ ಹೆಚ್ಚು ಹಿಂಸೆ ಕೊಡುವುದು ಈ ಕಾರಣಕ್ಕೆ. ಮನೆಗೆ ಫ್ಯಾನ್, ಕೂಲರ್, ಎಸಿ ಇವುಗಳಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವಾಗ ಉಷ್ಣತೆಯಷ್ಟೇ ಗಮನವನ್ನು ಗಾಳಿಯ ತೇವಕ್ಕೂ ಕೊಡಬೇಕು. ಹೆಚ್ಚಿನ ಮನೆಗಳಲ್ಲಿ ಹಣ ವ್ಯರ್ಥವಾಗುವುದು ಇದನ್ನು ಮರೆತಾಗಲೇ.

ಇವುಗಳಲ್ಲಿ ಅತ್ಯಂತ ಅಗ್ಗದ್ದು ಸೀಲಿಂಗ್ ಫ್ಯಾನ್. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ. ಮೋಟಾರಿನ ಬಿಸಿಯಿಂದ ಕೋಣೆಯ ಶಾಖ ಕೊಂಚ ಹೆಚ್ಚುವುದೇ ನಿಜ. ಅದು ಮಾಡುವ ಕೆಲಸ ಮೈಮೇಲಿನ ಬೆವರನ್ನು ಬೇಗ ಆರಿಸುವುದು. ಅಷ್ಟರಿಂದಲೇ ಎರಡು ಮೂರು ಡಿಗ್ರಿ ಇಳಿದಂತೆ ಅನಿಸುತ್ತದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನಿನಿಂದ ಯಾವ ಪ್ರಯೋಜನವೂ ಇಲ್ಲ. ಹಳೆಯ ಮಾದರಿಯ ಫ್ಯಾನ್ ಸುಮಾರು 75 ವ್ಯಾಟ್ ಬಳಸಿದರೆ, ಬಿಎಲ್‌ಡಿಸಿ ಮೋಟಾರಿನ ಹೊಸ ಫ್ಯಾನ್‌ಗಳಿಗೆ 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆ ಮೂರು ಫ್ಯಾನ್ ತಿರುಗುವ ಮನೆಯಲ್ಲಿ ಇದರಿಂದ ತಿಂಗಳಿಗೆ 48 ಯೂನಿಟ್‌ನಷ್ಟು ವಿದ್ಯುತ್ ಉಳಿಯುತ್ತದೆ.

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ವರ್ಷದ ಬಹುಪಾಲು ದಿನಗಳಿಗೆ ಫ್ಯಾನ್ ಮತ್ತು ತೆರೆದ ಕಿಟಕಿ ಸಾಕಾಗುತ್ತವೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿಗೆ ಏರಿದಂಥ ದಿನಗಳು ಬೇರೆ ಮಾತು. ಮೇಲಂತಸ್ತಿನ ಮನೆಗಳ ಕಷ್ಟವೂ ಬೇರೆ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟ್ ತಾರಸಿ ಸಂಜೆಯಿಂದ ನಡುರಾತ್ರಿಯವರೆಗೆ ಆ ಶಾಖವನ್ನು ಕೆಳಗೆ ಬಿಡುತ್ತದೆ, ಫ್ಯಾನ್ ಅದನ್ನೇ ಕೆಳಗೆ ನೂಕುತ್ತದೆ. ಇಂಥ ಮನೆಗೆ ಎಸಿ ತರುವ ಮೊದಲು ತಾರಸಿಗೆ ಬಿಳಿ ಸುಣ್ಣವನ್ನೋ ಬಿಸಿಲು ಹಿಂತಿರುಗಿಸುವ ಬಿಳಿ ಬಣ್ಣವನ್ನೋ ಬಳಿಯುವುದು, ಪಶ್ಚಿಮದ ಕಿಟಕಿಗೆ ಹೊರಗಿನಿಂದಲೇ ನೆರಳು ಮಾಡುವುದು ಒಳ್ಳೆಯದು. ಒಳಗಿನ ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಶಾಖ ಗಾಜು ದಾಟಿ ಒಳಗೆ ಬಂದಾಗಿರುತ್ತದೆ.

ಕೂಲರ್ ಕೆಲಸ ಮಾಡುವುದು ಮಣ್ಣಿನ ಹೂಜಿಯ ತತ್ತ್ವದ ಮೇಲೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಒದ್ದೆ ಹುಲ್ಲಿನ ಅಥವಾ ಜೇನುಗೂಡಿನಾಕಾರದ ಪ್ಯಾಡಿನ ಮೂಲಕ ಹಾಯುವ ಗಾಳಿ ಆ ಶಾಖವನ್ನು ತನ್ನಿಂದಲೇ ಕೊಟ್ಟು ತಣ್ಣಗಾಗುತ್ತದೆ. ಹಿಂದೆ ಬಾಗಿಲಿಗೆ ಲಾವಂಚದ ತಡಿಕೆ ಕಟ್ಟಿ ನೀರು ಚಿಮುಕಿಸುತ್ತಿದ್ದುದರ ಫಲವೂ ಇದೇ. ಗಾಳಿ ಎಷ್ಟು ಒಣಗಿದ್ದರೆ ಕೂಲರ್ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ, 42 ಡಿಗ್ರಿ ಉಷ್ಣತೆ, 20 ಶೇಕಡಾ ತೇವಾಂಶ ಎಂದಿಟ್ಟುಕೊಂಡರೆ, ಆವಿಯಾಗುವಿಕೆಯಿಂದ ಗಾಳಿ ತಲುಪಬಹುದಾದ ಕೊನೆಯ ಮಿತಿ 24 ಡಿಗ್ರಿ. ಒಳ್ಳೆಯ ಕೂಲರ್ 28 ಡಿಗ್ರಿಯ ಆಸುಪಾಸಿನ ಗಾಳಿ ಕೊಡುತ್ತದೆ. ಅದೇ ಕೂಲರನ್ನು 34 ಡಿಗ್ರಿ, 70 ಶೇಕಡಾ ತೇವಾಂಶ ಇರುವ ಉಡುಪಿಯ ಮನೆಯಲ್ಲಿಟ್ಟರೆ ಸಿಗುವುದು 30 ಡಿಗ್ರಿಯ ಗಾಳಿ, ಜೊತೆಗೆ ಇನ್ನಷ್ಟು ತೇವ. ಕರಾವಳಿಯಲ್ಲಿ ಕೂಲರ್ ಕೊಳ್ಳಬಾರದು ಎಂದು ನೇರವಾಗಿಯೇ ಹೇಳಬೇಕು; ಬಯಲುಸೀಮೆಯಲ್ಲಿ ಅದು ಎಸಿಯ ಬಡ ಬದಲಿಯಲ್ಲ, ಎಷ್ಟೋ ದಿನಗಳಲ್ಲಿ ಅದಕ್ಕಿಂತ ಹಿತವಾದ ಆಯ್ಕೆ. ಕಾರಣ, ಕೂಲರ್ ಹೊರಗಿನ ಹೊಸ ಗಾಳಿಯನ್ನು ಒಳಗೆ ತರುತ್ತದೆ. ಅದನ್ನು ಕಿಟಕಿಯ ಬಳಿ ಇಟ್ಟು, ಎದುರಿನ ಕಿಟಕಿಯನ್ನೋ ಬಾಗಿಲನ್ನೋ ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಯೊಳಗೆ ಗಾಳಿ ತೇವದಿಂದ ತುಂಬಿ ಕೂಲರ್ ನಿಷ್ಪ್ರಯೋಜಕವಾಗುತ್ತದೆ. ಇನ್ನೊಂದು ಎಚ್ಚರ ಅದರ ತೊಟ್ಟಿಯದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಒಳಗೋಡೆಗಳನ್ನು ಉಜ್ಜಿ, ಒಣಗಿಸಿ ಮತ್ತೆ ತುಂಬಬೇಕು. ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿರುವುದರಿಂದ ನೀರು ಬದಲಿಸಿದರಷ್ಟೇ ಸಾಲದು.

ಎಸಿ ಹುಟ್ಟಿದ್ದು ಗಾಳಿಯ ತೇವ ತೆಗೆಯುವ ಸಲುವಾಗಿ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ, ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ತೊಂದರೆಗೆ ಪರಿಹಾರವಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸುವ ವ್ಯವಸ್ಥೆಯನ್ನು ರೂಪಿಸಿದ. ಇಂದಿನ ಎಸಿಯಲ್ಲೂ ಅದೇ ನಡೆಯುತ್ತದೆ. ಕೋಣೆಯ ಗಾಳಿ ತಣ್ಣನೆಯ ಕಾಯಿಲ್ ಮೇಲೆ ಹಾಯುವಾಗ ಅದರ ಶಾಖವನ್ನು ಕೊಳವೆಯೊಳಗಿನ ಶೀತಕ ಹೀರಿ ಹೊರಗಿನ ಯೂನಿಟ್‌ಗೆ ಒಯ್ಯುತ್ತದೆ. ಗಾಳಿಯ ತೇವ ಕಾಯಿಲ್ ಮೇಲೆ ಹನಿಯಾಗಿ ಪೈಪಿನಲ್ಲಿ ಇಳಿದುಹೋಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಒಂದೂವರೆ ಟನ್ನಿನ ಎಸಿಯಿಂದ ಗಂಟೆಗೆ ಒಂದೆರಡು ಲೀಟರ್ ನೀರು ಇಳಿಯುವುದುಂಟು. ಅಲ್ಲಿನವರಿಗೆ ಸಿಗುವ ಸುಖದ ದೊಡ್ಡ ಪಾಲು ಆ ನೀರು ಹೊರಹೋದುದರಿಂದಲೇ ಬರುತ್ತದೆ.

ಟನ್ ಎಂಬುದು ಯಂತ್ರದ ತೂಕವನ್ನು ಹೇಳುವುದಿಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಬೇಕಾದ ಶಾಖವನ್ನು ತೆಗೆಯುವ ಶಕ್ತಿ, ಅಂದರೆ ಸುಮಾರು 3.5 ಕಿಲೋವ್ಯಾಟ್, ಒಂದು ಟನ್. ದೊಡ್ಡದು ಇದ್ದಷ್ಟೂ ಒಳ್ಳೆಯದು ಎಂದು ಸಣ್ಣ ಕೋಣೆಗೆ ಎರಡು ಟನ್ ಎಸಿ ಹಾಕಿಸುವುದು ಕರಾವಳಿಯಲ್ಲಿ ಮಾಡುವ ದೊಡ್ಡ ತಪ್ಪು. ಅಳತೆ ಮೀರಿದ ಯಂತ್ರ ಕೆಲವೇ ನಿಮಿಷಗಳಲ್ಲಿ ಕೋಣೆಯನ್ನು ಹೇಳಿದ ಉಷ್ಣತೆಗೆ ತಂದು ನಿಂತುಬಿಡುತ್ತದೆ. ತೇವ ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗಿರುತ್ತದೆ, ಆದರೆ ಹಾಸಿಗೆ ಜಿಗುಟು. ಕಪಾಟಿನ ಹಿಂದೆ ಬೂಷ್ಟು. ಭಾರತದಲ್ಲಿ ಮಾರಾಟವಾಗುವ ಕೋಣೆ ಎಸಿಗಳು 2020ರ ಜನವರಿಯಿಂದ ತಾವಾಗಿಯೇ 24 ಡಿಗ್ರಿಯಲ್ಲಿ ಶುರುವಾಗಬೇಕೆಂಬ ನಿಯಮ ಇದೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು 6 ಶೇಕಡಾ ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. ಎಸಿಯನ್ನು 26 ಅಥವಾ 27 ಡಿಗ್ರಿಗಿಟ್ಟು ಫ್ಯಾನನ್ನು ನಿಧಾನಕ್ಕೆ ತಿರುಗಿಸಿದರೆ 24 ಡಿಗ್ರಿಯ ಹಿತವೇ ಸಿಗುತ್ತದೆ.

ಎಸಿಯ ಗ್ಯಾಸಿನ ಬಗ್ಗೆ ಒಂದು ಮಾತು. ಶೀತಕ ಖರ್ಚಾಗುವ ವಸ್ತುವಲ್ಲ. ಪ್ರತಿ ಬೇಸಿಗೆಯೂ ಗ್ಯಾಸ್ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಮೊದಲು ಅದನ್ನು ಹುಡುಕಿ ಮುಚ್ಚಿಸಬೇಕು. ಈಗ ಬಹುತೇಕ ಎಸಿಗಳಲ್ಲಿರುವ ಆರ್-32 ಶೀತಕ ಗಾಳಿಗೆ ಸೇರಿದರೆ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ 675 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಅದು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಅನಿಲವೂ ಹೌದು. ಹಾಗಾಗಿ ರಿಪೇರಿ ಬಲ್ಲವರ ಕೈಯಲ್ಲೇ ಆಗಬೇಕು.

ಸ್ಪ್ಲಿಟ್ ಎಸಿ ಹೊರಗಿನಿಂದ ಗಾಳಿ ತರುವುದಿಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಹೊರಗಿನ ಯೂನಿಟ್‌ಗೂ ಒಳಗಿನ ಯೂನಿಟ್‌ಗೂ ನಡುವೆ ಹರಿಯುವುದು ಶೀತಕ ಮಾತ್ರ. ಕೋಣೆಯ ಗಾಳಿ ಕೋಣೆಯಲ್ಲೇ ಸುತ್ತುತ್ತಿರುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಇಬ್ಬರು ಮಲಗಿದ ಮುಚ್ಚಿದ ಕೋಣೆಯಲ್ಲಿ ಬೆಳಗಾಗುವ ಹೊತ್ತಿಗೆ ಅದು 2,000 ದಾಟಬಹುದು. ತಲೆಭಾರ, ನಿದ್ದೆ ಮಾಡಿದರೂ ಆರದ ಆಯಾಸ, ಕೋಣೆಯ ಮುಗ್ಗಲು ವಾಸನೆ ಇವೆಲ್ಲ ಅದರ ಜೊತೆಗೇ ಬರುತ್ತವೆ. ಹಳೆಯ ಹಂಚಿನ ಮನೆಗಳಲ್ಲಿ ಈ ತೊಂದರೆ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳಲ್ಲಿ ಹರಡಿದ ಆ ಮಾಡುಗಳ ಸಂದುಗಳಿಂದ ಬಿಸಿ ಗಾಳಿ ತಾನಾಗಿ ಮೇಲೇರಿ ಹೊರಹೋಗುತ್ತಿತ್ತು. ಕಾಂಕ್ರೀಟ್ ತಾರಸಿ, ಬಿಗಿಯಾಗಿ ಮುಚ್ಚುವ ಗಾಜಿನ ಕಿಟಕಿಗಳ ಮನೆಯಲ್ಲಿ ಆ ಕೆಲಸವನ್ನು ಮನುಷ್ಯರೇ ನೆನಪಿಟ್ಟು ಮಾಡಬೇಕು. ಮಲಗುವ ಮುನ್ನ ಮತ್ತು ಎದ್ದ ಕೂಡಲೇ ಹತ್ತು ಹದಿನೈದು ನಿಮಿಷ ಎದುರುಬದುರಿನ ಕಿಟಕಿಗಳನ್ನು ತೆರೆದಿಡುವುದು, ರಾತ್ರಿ ಒಂದು ಕಿಟಕಿಯನ್ನು ಬೆರಳಗಲ ತೆರೆದೇ ಬಿಡುವುದು ಸಾಕು. ಇದರಿಂದ ವಿದ್ಯುತ್ ಬಿಲ್ ಸ್ವಲ್ಪ ಏರುತ್ತದೆ, ಏರಲಿ.

ಎಸಿಯೊಳಗಿನ ಫಿಲ್ಟರ್ ಬಲೆ ಹಿಡಿಯುವುದು ಕಣ್ಣಿಗೆ ಕಾಣುವ ಧೂಳು, ಕೂದಲು, ಎಳೆಗಳನ್ನು ಮಾತ್ರ. ಎರಡು ವಾರಕ್ಕೊಮ್ಮೆ ಅದನ್ನು ತೊಳೆದು ಒಣಗಿಸಿದರೆ ಗಾಳಿ ಸರಾಗವಾಗಿ ಹರಿಯುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಕಣಗಳು ಆ ಬಲೆಯನ್ನು ಲೀಲಾಜಾಲವಾಗಿ ದಾಟುತ್ತವೆ. ಇವಕ್ಕೆ ದಿನದ ಸರಾಸರಿ ಮಿತಿ ಭಾರತದ ಮಾನದಂಡದಲ್ಲಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಮುಖ್ಯರಸ್ತೆಯ ಪಕ್ಕದ ಮನೆ, ಆಸ್ತಮಾ ಇರುವ ಮಗು ಅಥವಾ ವಯಸ್ಸಾದವರು ಇರುವ ಮನೆಗೆ ಏರ್ ಪ್ಯೂರಿಫೈಯರ್ ಉಪಯುಕ್ತ. ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾವನ್ನು ಹಿಡಿಯುತ್ತದೆ. ಕೊಳ್ಳುವಾಗ ನೋಡಬೇಕಾದ ಸಂಖ್ಯೆ ಸಿಎಡಿಆರ್, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದು. 12 ಅಡಿಗೆ 10 ಅಡಿ, 10 ಅಡಿ ಎತ್ತರದ ಕೋಣೆಯಲ್ಲಿ 34 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಅದನ್ನು ಶೋಧಿಸಲು 170ರ ಸಿಎಡಿಆರ್ ಬೇಕು. ಓಜೋನ್ ಬಿಡುವ ಯಂತ್ರಗಳನ್ನು ಮಾತ್ರ ದೂರವಿಡಬೇಕು. ಓಜೋನ್ ಶ್ವಾಸಕೋಶವನ್ನು ಕೆರಳಿಸುತ್ತದೆ.

ಆದರೆ ಮನೆಯೊಳಗೇ ಹೊಗೆ ಹಚ್ಚಿ ಪ್ಯೂರಿಫೈಯರ್ ಇಡುವುದರಲ್ಲಿ ಅರ್ಥವಿಲ್ಲ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದಾಗ ಬಿಡುಗಡೆಯಾಗುವ ಪಿಎಂ 2.5 ಪ್ರಮಾಣ 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮಗುವಿನ ಹಾಸಿಗೆಯ ಪಕ್ಕದಲ್ಲಿ ಈ ಬತ್ತಿ ಹಚ್ಚುವುದು ಯಾವ ಕಾರಣಕ್ಕೂ ಸಲ್ಲದು, ಸೊಳ್ಳೆಪರದೆಯೇ ಮೇಲು. ಅಡುಗೆಮನೆಯಲ್ಲಿ ಒಗ್ಗರಣೆ, ಕರಿಯುವುದು, ಒಣಮೆಣಸಿನಕಾಯಿ ಹುರಿಯುವುದು ನಡೆಯುವಾಗ ಹೊಗೆ ಒಮ್ಮೆಗೇ ಏರುತ್ತದೆ. ಪೈಪಿನ ಮೂಲಕ ಹೊರಗೆ ಬಿಡುವ ಚಿಮಣಿ ಅಥವಾ ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಈ ಕೆಲಸಕ್ಕೆ ಸರಿ. ಪೈಪಿಲ್ಲದೆ ಅದೇ ಗಾಳಿಯನ್ನು ಶೋಧಿಸಿ ಅಡುಗೆಮನೆಗೇ ಬಿಡುವ ಚಿಮಣಿ ಜಿಡ್ಡನ್ನು ಹಿಡಿಯಬಹುದು, ಉರಿಯಿಂದ ಬಂದ ಅನಿಲಗಳನ್ನು ಹಿಡಿಯಲಾರದು.

ಮಲೆನಾಡಿನ ಮಳೆಗಾಲದಲ್ಲಿ ಯಂತ್ರದಿಂದ ಬೇಕಾಗುವುದು ತಂಪಲ್ಲ, ಒಣ ಗಾಳಿ. ಆಗುಂಬೆ, ತೀರ್ಥಹಳ್ಳಿ, ಮಡಿಕೇರಿಯ ಮನೆಗಳಲ್ಲಿ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ, ಪುಸ್ತಕ, ಚಪ್ಪಲಿ, ಗೋಡೆಗಳಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಬೀಜಕಣಗಳು ಅಲರ್ಜಿ, ಉಬ್ಬಸವನ್ನು ಹೆಚ್ಚಿಸುತ್ತವೆ. ಕೋಣೆಯ ತೇವಾಂಶವನ್ನು 60 ಶೇಕಡಾಕ್ಕಿಂತ ಕೆಳಗೆ ಇಳಿಸಿದರೆ ಬೂಷ್ಟು ಬೆಳೆಯುವುದು ಕಷ್ಟ. ಮುಚ್ಚಿದ ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಈ ಕೆಲಸ ಮಾಡುತ್ತದೆ. ಎಸಿಯ ಡ್ರೈ ಮೋಡ್ ಕೂಡ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ಸೋರುವ ಮಾಡು, ಗೋಡೆಗೆ ಏರುವ ನೆಲದ ತೇವವನ್ನು ಸರಿಪಡಿಸದೆ ಇಟ್ಟರೆ ಮಾತ್ರ ಯಾವ ಯಂತ್ರವೂ ಸಾಲದು.

ಮನೆ ಬೆಚ್ಚಗಿಡುವ ಅಗತ್ಯ ಕರ್ನಾಟಕದಲ್ಲಿ ಕಡಿಮೆ. ಬೀದರ್‌ನ ಚಳಿಗಾಲದ ಕೆಲವು ರಾತ್ರಿಗಳಲ್ಲಿ, ಕೊಡಗಿನಲ್ಲಿ ಹೀಟರ್ ಬೇಕೆನಿಸಬಹುದು. 2,000 ವ್ಯಾಟ್‌ನ ಹೀಟರ್ ಕಂಬಿಯದಾಗಲಿ ಎಣ್ಣೆಯದಾಗಲಿ ಕೊಡುವ ಶಾಖ ಒಂದೇ, ಗಂಟೆಗೆ ನುಂಗುವ ವಿದ್ಯುತ್ತೂ ಎರಡೇ ಯೂನಿಟ್. ಎಣ್ಣೆಯ ಹೀಟರ್ ಸುಡುವ ಅಪಾಯ ಕಡಿಮೆ ಎಂಬುದಷ್ಟೇ ಅದರ ಹೆಚ್ಚುಗಾರಿಕೆ. ಬಿಸಿ ಗಾಳಿಯನ್ನೂ ಕೊಡುವ ಎಸಿ ಹೊರಗಿನ ಶಾಖವನ್ನು ಒಳಗೆ ಸಾಗಿಸುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಚಳಿಗೆ ಮುಚ್ಚಿದ ಕೋಣೆಯಲ್ಲಿ ಕೆಂಡ, ಇದ್ದಿಲು ಇಟ್ಟುಕೊಂಡು ಮಲಗುವುದು ಪ್ರಾಣಕ್ಕೇ ಸಂಚಕಾರ.

ಅದೇ ಅಪಾಯ ನಗರದ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರ್ ರೂಪದಲ್ಲಿದೆ. ಸಣ್ಣ, ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿಯುತ್ತಾ ಹೋದಂತೆ ಆಮ್ಲಜನಕ ಕಡಿಮೆಯಾಗಿ, ಉರಿ ಅರೆಬರೆಯಾಗಿ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಅಡುಗೆ ಗ್ಯಾಸಿಗೆ ಬೆರೆಸಿರುವ ವಾಸನೆ ಸೋರಿಕೆಯನ್ನು ತಿಳಿಸುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನ ಮಾಡುತ್ತಿರುವವರಿಗೆ ತಲೆಸುತ್ತು ಬಂದು ಕೈಕಾಲು ಸೋಲುವ ಹೊತ್ತಿಗೆ ಚಿಲಕ ತೆಗೆಯಲೂ ಆಗದಿರಬಹುದು. ಬಚ್ಚಲಿನ ಎಕ್ಸಾಸ್ಟ್ ಫ್ಯಾನನ್ನು ನಂಬುವಂತಿಲ್ಲ. ಗಾಳಿ ಒಳಬರುವ ಕಿಂಡಿ ಇಲ್ಲದಿದ್ದರೆ ಅದು ಗೀಸರಿನ ಹೊಗೆಯನ್ನೇ ಒಳಗೆ ಸೆಳೆಯಬಹುದು. ಗ್ಯಾಸ್ ಗೀಸರ್ ಇರಬೇಕಾದ ಜಾಗ ಬಚ್ಚಲಿನ ಹೊರಗೆ, ಬಯಲು ಗಾಳಿ ಆಡುವ ಬಾಲ್ಕನಿಯಲ್ಲೋ ಯುಟಿಲಿಟಿಯಲ್ಲೋ. ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪ್ ಮಾತ್ರ. ಅದಕ್ಕೆ ಜಾಗವಿಲ್ಲದ ಮನೆಗೆ ಸೋಲಾರ್ ಅಥವಾ ವಿದ್ಯುತ್ ಗೀಸರ್ ಇದೆ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇರುವ ಮನೆಯವರು ಎಸಿ, ಪ್ಯೂರಿಫೈಯರ್‌ಗಳ ಯೋಚನೆಯನ್ನು ಮುಂದಕ್ಕಿಟ್ಟು ಮೊದಲು ಅದನ್ನು ಹೊರಗೆ ಹಾಕಿಸಲಿ.