ಟಿ.ಸಿ. ಆಮೇಲೆ, ಮೊದಲು ಮಗು

2020ರ ಮೇ ತಿಂಗಳು. ಲಾಕ್‌ಡೌನ್ ಕೊಂಚ ಸಡಿಲವಾದದ್ದೇ ತಡ, ಮುಂಬೈಯಲ್ಲಿ ಸಿಕ್ಕಿಹಾಕಿಕೊಂಡಿದ್ದವರು ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ದಾರಿ ಹಿಡಿದರು. ಈ ಸೀಮೆಯವರಿಗೆ ‘ಬಾಂಬೆಗೆ ಹೋಗೋದು’ ಹೊಸದಲ್ಲ. ಮಳೆ ಕೈಕೊಟ್ಟ ಯಾವುದೋ ವರ್ಷ ಹೊರಟವರು ಅಲ್ಲೇ ಹೋಟೆಲು, ಆಟೊ ಎಂದು ಬದುಕು ಕಟ್ಟಿಕೊಂಡು, ಹಬ್ಬಕ್ಕೊಮ್ಮೆ ಊರ ಮುಖ ನೋಡುತ್ತಿದ್ದರು. ಆ ಮೇ ತಿಂಗಳಲ್ಲಿ ಬಂದವರಿಗೆ ಮನೆಗೆ ಮೊದಲು ಸಿಕ್ಕಿದ್ದು ಕ್ವಾರಂಟೈನ್: ಸರ್ಕಾರಿ ಹಾಸ್ಟೆಲು, ಮೊರಾರ್ಜಿ ದೇಸಾಯಿ ವಸತಿ ಶಾಲೆ. ಮಂಡ್ಯ ಜಿಲ್ಲೆಯ ಸೋಂಕಿನ ಅಂಕಿ ಹೇಗೆ ಏರಿತೆಂದು ದಿನವೂ ಸುದ್ದಿಯಾಯಿತು. ಅದೇ ಕೋಣೆಗಳಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದ ಮಕ್ಕಳ ಸುದ್ದಿ ಅಷ್ಟಾಗಿ ಬರಲಿಲ್ಲ.

ಆ ಮಕ್ಕಳು ಮುಂದೆ ಯಾವ ಶಾಲೆಗೆ ಸೇರಬೇಕು? ಟಿ.ಸಿ. ಮುಂಬೈಯಲ್ಲಿ, ಅಲ್ಲಿನ ಶಾಲೆಗೆ ಬೀಗ. ಓದಿದ್ದು ಬೇರೆ ಮಾಧ್ಯಮ, ಬೇರೆ ಪಠ್ಯ. ಇಲ್ಲಿ ಅಜ್ಜಿ ಮನೆಯ ವಿಳಾಸ ಬಿಟ್ಟರೆ ಕೈಯಲ್ಲಿ ಬೇರೆ ಕಾಗದವಿಲ್ಲ.

ಉತ್ತರ ಆಗಲೇ ಕಾನೂನಿನಲ್ಲಿತ್ತು. 2009ರಲ್ಲಿ ಸಂಸತ್ತು ಒಪ್ಪಿ, 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಮು, ಟಿ.ಸಿ. ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ ಎನ್ನುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ವಾಪಸು ಕಳಿಸುವ ಹಾಗಿಲ್ಲ, ಇದು ಹದಿನಾಲ್ಕನೇ ಕಲಮು. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಒಂಬತ್ತನೇ ಕಲಮಿನಲ್ಲಿ ಇನ್ನೂ ನೇರವಾಗಿದೆ: ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಹೊಣೆ. ಇಡೀ ಕಾಯ್ದೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಒಂದು ಪದ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ‘ಮಗು’ ಎಂದಿದೆಯೇ ಹೊರತು ಪ್ರತಿ ‘ಪ್ರಜೆ’ ಎಂದಿಲ್ಲ. ಗಡಿ ದಾಟಿ ಬಂದ ಮಗುವೂ ಆ ಪದದೊಳಗೆ ಬರುತ್ತದೆ.

ಈ ಸಾಲುಗಳು ಬರಲು ಹೆಚ್ಚು ಕಡಿಮೆ ನೂರು ವರ್ಷ ಹಿಡಿಯಿತು. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾನೂನು ತಂದಿತ್ತು. ವಿಶ್ವೇಶ್ವರಯ್ಯನವರು ಆಗಷ್ಟೇ ದಿವಾನರಾಗಿದ್ದರು. ಆಯ್ದ ಕೆಲವು ಕೇಂದ್ರಗಳಲ್ಲಿ ಗಂಡುಮಕ್ಕಳು ಶಾಲೆಗೆ ಬರುವುದು ಕಡ್ಡಾಯವಾಯಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಆ ಶಾಲೆಯ ಕಣ್ಣಮುಂದಿದ್ದದ್ದು ಒಂದೇ ಊರಲ್ಲಿ ಹುಟ್ಟಿ, ಒಂದೇ ಮನೆಯಲ್ಲಿ ಬೆಳೆಯುವ ಹುಡುಗ. ಅವನ ಅಪ್ಪನಿಗೆ ಹೊಲವೋ ಅಂಗಡಿಯೋ ಇತ್ತು, ಊರು ಬಿಡುವ ಪ್ರಮೇಯವಿರಲಿಲ್ಲ.

ಅದೇ ಹೊತ್ತಿನಲ್ಲಿ ಈಗಿನ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕನ್ನಂಬಾಡಿ ಕಟ್ಟೆ ಏಳುತ್ತಿತ್ತು. ಹಳೆಯ ಕನ್ನಂಬಾಡಿ ಮುಳುಗಿ, ಜನ ಎದ್ದು ಹೋಗಿ ಪಾಂಡವಪುರ ಕಡೆ ಹೊಸ ಕನ್ನಂಬಾಡಿ ಕಟ್ಟಿಕೊಂಡರು. ಮುಳುಗಿದ ಊರುಗಳ ಮಕ್ಕಳೂ ಒಂದು ಲೆಕ್ಕದಲ್ಲಿ ನಿರಾಶ್ರಿತರೇ. ಮುಂದೆ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ನೀರು ಹರಿಯಿತು. ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ. ಆಮೇಲೆ ಪಾಂಡವಪುರಕ್ಕೆ ಸಹಕಾರಿ ಕಾರ್ಖಾನೆ, ಕೆ.ಆರ್. ಪೇಟೆಯ ಮಾಕವಳ್ಳಿಗೂ ಒಂದು ಕಾರ್ಖಾನೆ.

ಬಲಿತ ಕಬ್ಬು ಕಾಯುವುದಿಲ್ಲ. ಕಟಾವು ತಡವಾದರೆ ತೂಕವೂ ಇಳಿಯುತ್ತದೆ, ಸಕ್ಕರೆ ಇಳುವರಿಯೂ ಇಳಿಯುತ್ತದೆ. ಊರಿನ ಕೂಲಿಗಳು ಸಾಲದೆ ಬಳ್ಳಾರಿ ಸೀಮೆಯಿಂದ ಗ್ಯಾಂಗುಗಳು ಬರುತ್ತವೆ. ಮೇಸ್ತ್ರಿ ಕೊಟ್ಟ ಮುಂಗಡ ತೀರುವವರೆಗೂ ಇಲ್ಲೇ ವಾಸ. ಗದ್ದೆ ಬದಿಯಲ್ಲಿ ಟಾರ್ಪಾಲು, ಕಬ್ಬಿನ ಸೋಗೆ ಹೊದಿಸಿದ ಗುಡಿಸಲು, ಮೂರು ಕಲ್ಲಿನ ಒಲೆ. ಆಲೆಮನೆಗಳಲ್ಲಾದರೆ ಉತ್ತರ ಪ್ರದೇಶ, ಬಿಹಾರದವರು ಕೊಪ್ಪರಿಗೆಯ ಮುಂದೆ ನಿಂತಿರುತ್ತಾರೆ. ಗಂಡ ಹೆಂಡತಿ ಇಬ್ಬರೂ ಮಚ್ಚು ಹಿಡಿದು ಗದ್ದೆಗಿಳಿದರೆ, ಒಂಬತ್ತೋ ಹತ್ತೋ ವರ್ಷದ ಹುಡುಗಿ ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ಬದುವಿನ ಮೇಲೆ ನಿಂತಿರುತ್ತಾಳೆ. ಶಾಲಾ ವರ್ಷದ ನಟ್ಟನಡುವೆ. ಅವಳ ಊರಿನ ಹಾಜರಿ ಪುಸ್ತಕದಲ್ಲಿ ಹೆಸರಿದೆ, ಮಗುವಿಲ್ಲ. ಇಲ್ಲಿ ಮಗುವಿದೆ, ಹೆಸರಿಲ್ಲ.

ಅವಳ ತನಕ ಶಾಲೆಯನ್ನು ತಲುಪಿಸಲು ನಡೆದ ಪ್ರಯತ್ನಗಳು ಒಂದರ ಮೇಲೊಂದು ಬಂದವು. ಶಾಲೆ ಬಿಟ್ಟವರಿಗೆ ಚಿಣ್ಣರ ಅಂಗಳ. 2001ರಲ್ಲಿ ಪೋಷಕರಿಗೂ ಶಾಲೆಯ ಆಡಳಿತದಲ್ಲಿ ಪಾಲು ಕೊಟ್ಟ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ. 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ರಾಜ್ಯವನ್ನೆಲ್ಲ ತಲುಪಿದ ಅಕ್ಷರ ದಾಸೋಹದ ಬಿಸಿಯೂಟ. ಕೂಲಿ ಅರಸಿ ಬಂದವರ ಟೆಂಟುಗಳ ಪಕ್ಕದಲ್ಲೇ ನಡೆದ ಟೆಂಟ್ ಶಾಲೆ. 2013ರಲ್ಲಿ ಪತ್ರಿಕಾ ವರದಿ ಓದಿದ ಹೈಕೋರ್ಟು, ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನೇ ಕೈಗೆತ್ತಿಕೊಂಡಿತು. ಅಲ್ಲಿಯವರೆಗೆ 60 ದಿನ ಸತತ ಗೈರಾದ ಮಗುವನ್ನಷ್ಟೇ ಹೊರಗುಳಿದದ್ದೆಂದು ಬರೆದುಕೊಳ್ಳುತ್ತಿದ್ದರು, ಆಮೇಲೆ ಅದು ಏಳು ದಿನಕ್ಕೆ ಇಳಿಯಿತು. ಚಿಕ್ಕ ಬದಲಾವಣೆ ಎನಿಸಬಹುದು. ಆದರೆ 60 ದಿನದಲ್ಲಿ ಒಂದು ಗ್ಯಾಂಗು ಎಷ್ಟು ಊರು ದಾಟಿರುತ್ತದೆಂದು ಯೋಚಿಸಿದರೆ ಅದರ ಬೆಲೆ ತಿಳಿಯುತ್ತದೆ.

ನಿರಾಶ್ರಿತರೆಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಬೈಲಕುಪ್ಪೆ. 1960ರ ಸುಮಾರಿಗೆ ಟಿಬೆಟಿನವರು ಕಾಡು ಕಡಿದು ಅಲ್ಲಿ ನೆಲೆಸಿದರು. ಅವರ ಮಕ್ಕಳಿಗಾಗಿ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಶಾಲಾ ಆಡಳಿತವನ್ನೇ ಸ್ಥಾಪಿಸಿತು. ಕಳೆದುಕೊಂಡ ನಾಡಿನ ಭಾಷೆ, ಧರ್ಮ ಉಳಿಯಲು ಅದು ಬೇಕಾಗಿತ್ತು. ಈಚೆಗೆ ಜಗತ್ತು ಇನ್ನೊಂದು ದಾರಿಯನ್ನು ನೆಚ್ಚುತ್ತಿದೆ. 2017ರ ಡಿಸೆಂಬರಿನಲ್ಲಿ ಪೂರ್ವ ಆಫ್ರಿಕಾದ ದೇಶಗಳು ಜಿಬೂಟಿಯಲ್ಲಿ ಸೇರಿ, ನಿರಾಶ್ರಿತ ಮಕ್ಕಳನ್ನು ತಮ್ಮ ತಮ್ಮ ರಾಷ್ಟ್ರೀಯ ಶಿಕ್ಷಣ ವ್ಯವಸ್ಥೆಯೊಳಗೇ ಸೇರಿಸಿಕೊಳ್ಳುವುದಾಗಿ ಘೋಷಿಸಿದವು. ಕಬ್ಬಿನ ಗದ್ದೆಯ ಮಗುವಿಗೂ ಇದೇ ಸರಿಯಾದ ದಾರಿ ಎಂಬುದು ನನ್ನ ನಂಬಿಕೆ. ಅದಕ್ಕೆ ಬೇಕಾದ್ದು ಊರಿನ ಶಾಲೆಯೇ, ಊರಿನ ಮಕ್ಕಳ ಪಕ್ಕದ ಜಾಗವೇ.

ಶಾಲೆಗಳು ಮುಚ್ಚಿದ್ದ 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಯೋಜನೆ ಶುರುವಾದಾಗ ಶಾಲೆಯೇ ಮಕ್ಕಳಿದ್ದಲ್ಲಿಗೆ ನಡೆಯಿತು. ಮೇಷ್ಟ್ರುಗಳು ಅರಳಿಕಟ್ಟೆಯ ಮೇಲೆ, ದೇವಸ್ಥಾನದ ಜಗಲಿಯಲ್ಲಿ ಕೂತು ಪಾಠ ಹೇಳಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ನಿಂತು, ಹೊಸ ವರ್ಷಕ್ಕೆ ಮತ್ತೆ ಆರಂಭವಾಯಿತು. ಮನಸ್ಸು ಮಾಡಿದರೆ ಶಾಲೆ ಹೊಸ್ತಿಲು ದಾಟಬಲ್ಲದು ಎಂಬುದು ಈ ಊರುಗಳ ಕಣ್ಣೆದುರೇ ಕಂಡಿತು.

ತೊಡಕುಗಳು ಇನ್ನೂ ಇವೆ. ಬಳ್ಳಾರಿ ಕಡೆಯ ಮಗು ಆಡುವುದೂ ಕನ್ನಡವೇ, ಆದರೆ ಅದರ ‘ಹೋಗಾಂಗಿಲ್ರೀ’ ಕೇಳಿ ಇಲ್ಲಿನ ಮಕ್ಕಳು ನಕ್ಕುಬಿಟ್ಟರೆ ಮಾರನೇ ದಿನ ಅದು ಬರುವುದಿಲ್ಲ. ಆಲೆಮನೆಯ ಮಗುವಿಗೆ ಕನ್ನಡವೇ ಹೊಸದು. ಇನ್ನು ಸೊಂಟದ ಮೇಲಿನ ಆ ಕೂಸು: ಅದಕ್ಕೊಂದು ನೆರಳು ಸಿಗದೆ ಅಕ್ಕ ತರಗತಿಗೆ ಬರಲಾರಳು. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಬಂದದ್ದು ಉದ್ಯೋಗ ಖಾತ್ರಿಯ ತಾಯಂದಿರಿಗಾಗಿ. ಕಬ್ಬು ಕಡಿಯುವ ತಾಯಿಗೂ ಅದರ ಬಾಗಿಲು ತೆರೆದಿರಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಒಂದು ಪಟ್ಟಿ. ಯಾವ ಗ್ಯಾಂಗು, ಯಾವ ಊರಿನ ಯಾರ ಗದ್ದೆಗೆ, ಯಾವ ದಿನ ಇಳಿಯುತ್ತದೆ ಎಂಬುದು ಮೇಸ್ತ್ರಿಗೆ ಗೊತ್ತಿರುತ್ತದೆ. ಕಟಾವಿಗೆ ಅನುಮತಿ ಕೊಡುವ ಕಾರ್ಖಾನೆಗೂ ಗೊತ್ತಿರುತ್ತದೆ. ರಾಜ್ಯದ ಶಾಲೆಗಳಲ್ಲಿ ಪ್ರತಿ ಮಗುವಿಗೂ ಈಗ ಸ್ಯಾಟ್ಸ್ ಎಂಬ ಗುರುತಿನ ನಂಬರು ಇದೆ. ಕಬ್ಬಿನ ಪಟ್ಟಿಯ ಪಕ್ಕದಲ್ಲಿ ಮಕ್ಕಳ ಪಟ್ಟಿಯೊಂದನ್ನು ಬರೆದು, ಗ್ಯಾಂಗು ಬಂದಿಳಿಯುವ ಹಿಂದಿನ ದಿನವೇ ಆ ಊರಿನ ಹೆಡ್‌ಮೇಷ್ಟ್ರ ಮೇಜಿಗೆ ಮುಟ್ಟಿಸಲು ಹೊಸ ಕಾನೂನೇನೂ ಬೇಕಿಲ್ಲ. ಒಂದು ಫೋನು ಸಾಕು.